ತುರುವನೂರಿನಲ್ಲೊಂದು ಮಾಳಿಗೆಮನೆ

ಚಿತ್ರದುರ್ಗದಲ್ಲಿ ಬಸ್ಸಿನಿಂದ ಇಳಿದವರ ಮುಖ ಸಾಮಾನ್ಯವಾಗಿ ಬೆಟ್ಟದ ಕಡೆ ತಿರುಗುತ್ತದೆ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ ಎಲ್ಲವನ್ನೂ ಒಂದೇ ಹಗಲಿನಲ್ಲಿ ನೋಡಿ ಮುಗಿಸಿ, ಮೊಣಕಾಲು ನೀವಿಕೊಳ್ಳುತ್ತ ಸಂಜೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟುಬಿಡುತ್ತಾರೆ. ನಮ್ಮ ಸಂಸಾರ ಮಾತ್ರ ಬೇಸಿಗೆಯ ರಜೆ ಬಂತೆಂದರೆ ಎರಡು ಹಾಸಿಗೆಯ ಸುರುಳಿ, ಒಂದು ಬುಟ್ಟಿ ಪಾತ್ರೆ, ಒಂದು ಗೊಂಚಲು ಕೀಲಿಕೈ ಹಿಡಿದು, ಕೋಟೆಗೆ ಬೆನ್ನುಮಾಡಿ, ತುರುವನೂರಿನ ಬಸ್ಸು ಹತ್ತುತ್ತದೆ.

ದಾರಿ ದೂರವೇನಲ್ಲ, ಸುಮಾರು 20 ಕಿಲೋಮೀಟರು. ಪೇಟೆಯ ಕೊನೆಯ ಅಂಗಡಿ ಹಿಂದೆ ಸರಿಯುತ್ತಲೇ ಬಂಡೆಗಳ ರಾಜ್ಯ ಮುಗಿದು ನೆಲ ಕಪ್ಪಾಗುತ್ತದೆ. ತಿರುಗಿ ನೋಡಿದರೆ ದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾವಧಾನವಾಗಿ ತೋಳು ಬೀಸುತ್ತಿರುತ್ತವೆ. ಮುಂದೆ ನೋಡಿದರೆ ಕರಿಯ ಹೊಲ, ಅದರ ಅಂಚಿನಲ್ಲೊಂದು ಜಾಲಿ, ಮತ್ತೆ ಕರಿಯ ಹೊಲ. ಹತ್ತಿ, ಕಡಲೆ, ಈರುಳ್ಳಿಗಳ ಸೀಮೆ ಇದು. ಮೇ ತಿಂಗಳಲ್ಲಿ ಬಂದವರಿಗೆ ಇವಾವುವೂ ಕಾಣಸಿಗುವುದಿಲ್ಲ. ಬೆರಳು ತೂರುವಷ್ಟು ಅಗಲವಾಗಿ ಬಿರಿದ ನೆಲ ಮಾತ್ರ ಕಾಣುತ್ತದೆ. ಆ ಬಿರುಕನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ಅದರ ಪ್ರಸ್ತಾಪ ಬರುವುದಿದೆ.

ಕನ್ನಡ ಪಾಠ ಹೇಳುವವನಿಗೆ ಊರ ಹೆಸರು ಕಂಡರೆ ಕೈ ಸುಮ್ಮನಿರದು. ತುರು ಎಂದರೆ ಹಳಗನ್ನಡದಲ್ಲಿ ಹಸು. ತುರುಗೊಳ್ ಎಂದರೆ ಹಸುಗಳನ್ನು ಹಿಡಿದೊಯ್ಯುವುದು, ತುರುಗಾಹಿ ಎಂದರೆ ಅವನ್ನು ಕಾಯುವವನು. ತುರುವನೂರಿಗೂ ಆ ತುರುವಿಗೂ ನಂಟಿರಬಹುದೆಂದು ನನಗೆ ನಾನೇ ಒಪ್ಪಿಸಿಕೊಂಡಿದ್ದೇನೆ. ಶಾಸನದ ಆಧಾರ ಕೇಳಿದರೆ ಸುಮ್ಮನಾಗುತ್ತೇನೆ. ಆದರೆ ಈ ಊರಿನ ಹೆಸರು ಇತಿಹಾಸಕ್ಕೆ ಏರಿದ್ದು ಹಸುವಿನಿಂದಲ್ಲ, ಈಚಲ ಮರದಿಂದ. ಮೈಸೂರು ಸಂಸ್ಥಾನದಲ್ಲಿ ಹೆಂಡದ ಮರಗಳು ಸರ್ಕಾರದ ಆದಾಯವಾಗಿದ್ದ ಕಾಲದಲ್ಲಿ, 1939ರಲ್ಲಿ, ಕಾನೂನು ಮುರಿದು ಆ ಮರಗಳಿಗೆ ಕೊಡಲಿ ಹಾಕಿದ ಸತ್ಯಾಗ್ರಹ ಇಲ್ಲಿ ನಡೆಯಿತು. ಅದರಲ್ಲಿ ಸೆರೆಯಾದವರಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು, ವಕೀಲಿಕೆಯ ಸನ್ನದನ್ನೂ ಅವರು ಆಗ ಕಳೆದುಕೊಳ್ಳಬೇಕಾಯಿತು. ನಮ್ಮ ಮನೆ ಆ ಗದ್ದಲವನ್ನು ಕಂಡ ಮನೆ. ಮುತ್ತಾತ ಕೊಡಲಿ ಹಿಡಿದಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರೆಂದು ಎದುರುಮನೆಯ ಅಜ್ಜಿ ಹೇಳುತ್ತಾರೆ. ನಾನು ಅಜ್ಜಿಯ ಪಕ್ಷ.

ಈ ಮನೆಯ ವಿಚಾರವನ್ನೇ ನಾನು ಹೇಳಹೊರಟಿರುವುದು. ಹೊಲಗಳು ತಾತನ ಕಾಲಕ್ಕೇ ಹಂಚಿಹೋಗಿ, ಮಾರಿಹೋಗಿ, ಉಳಿದದ್ದು ಇದೊಂದು. ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿದ್ದು, ಒಂದು ತಿಂಗಳು ನಮ್ಮ ಮಕ್ಕಳ ಕೂಗಾಟ ಕೇಳುವ ಮನೆ. ಇಂಥ ಮನೆ ಓದುಗರಲ್ಲಿ ಅನೇಕರಿಗೆ ಎಲ್ಲಾದರೂ ಇರಬಹುದು. ಕೀಲಿಕೈ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸಿನ ಯಾವುದೋ ಮೂಲೆ ಚುಳ್ಳೆನ್ನುತ್ತದೆ.

ಬಯಲುಸೀಮೆಯ ಮಾಳಿಗೆಮನೆಯನ್ನು ಕಾಣದವರಿಗಾಗಿ ಎರಡು ಮಾತು. ಇದಕ್ಕೆ ಹೆಂಚಿಲ್ಲ, ಇಳಿಜಾರಿಲ್ಲ. ಮೇಲೆ ಚಪ್ಪಟೆಯಾದ ಮಣ್ಣಿನ ಮಾಳಿಗೆ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಮನೆಯ ಅಳತೆಯನ್ನು ಹೇಳುತ್ತಿದ್ದದ್ದೇ ಅಂಕಣದ ಲೆಕ್ಕದಲ್ಲಿ. ಜಂತೆಯ ಮೇಲೆ ಮರದ ಚಕ್ಕೆಗಳು, ಅದರ ಮೇಲೆ ಬಂದರಿಕೆ ಸೊಪ್ಪಿನ ದಪ್ಪ ಹಾಸು, ಸೊಪ್ಪಿನ ಮೇಲೆ ತುಳಿದು ಹದಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣು.

ಈ ಚೌಳುಮಣ್ಣು ಒಂದು ಸೋಜಿಗ. ಹೊಲದಲ್ಲಿ ಚೌಳು ಕಾಣಿಸಿಕೊಂಡರೆ ರೈತ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಅಲ್ಲಿ ನೀರು ಇಂಗದು, ಪೈರು ಏಳದು. ಆ ದುರ್ಗುಣಗಳೇ ಮಾಳಿಗೆಯ ಮೇಲೆ ಸದ್ಗುಣಗಳಾಗುತ್ತವೆ. ಸೋಡಿಯಂ ಲವಣ ತುಂಬಿದ ಆ ಮಣ್ಣಿನ ಮೇಲೆ ಮಳೆ ಬಿದ್ದೊಡನೆ ಜೇಡಿಯ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಮೇಲೆಯೇ ಜಾರಿ ದೋಣಿಯ ಮೂಲಕ ಬೀದಿಗೆ ಬೀಳುತ್ತದೆ. ಹುಲ್ಲೂ ಹುಟ್ಟುವುದಿಲ್ಲ. ಆದರೆ ಪ್ರತಿ ಮಳೆಗಾಲವೂ ಅದರಲ್ಲಿ ಒಂದಿಷ್ಟನ್ನು ತೊಳೆದೊಯ್ಯುತ್ತದೆಯಾದ್ದರಿಂದ ಯುಗಾದಿ ಕಳೆದು ರೋಹಿಣಿ ಮಳೆ ಹಿಡಿಯುವುದರೊಳಗೆ ಹೊಸ ಮಣ್ಣು ಎಳೆಸಲೇಬೇಕು. ಎಳೆಸಿದರೆ ಸಾಲದು, ಮೇಲೆ ಜನ ಓಡಾಡಬೇಕು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವುದು ಗಾಳಿಗಾಗಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಮಲಗುವವರ ಕಾಲ್ತುಳಿತವೇ ಮಾಳಿಗೆಯನ್ನು ಗಟ್ಟಿಮಾಡುವುದು, ಅವರ ಕಣ್ಣಿಗೇ ಮೊದಲ ಬಿರುಕು ಕಾಣುವುದು ಎಂಬುದು ತಿಳಿದದ್ದು ತೀರ ಈಚೆಗೆ, ಹಣ ತೆತ್ತ ಮೇಲೆ.

ನಮ್ಮ ತಂದೆ ದಾವಣಗೆರೆಯಲ್ಲಿ ಉಪಾಧ್ಯಾಯರಾಗಿದ್ದರು. ಎರಡು ತಿಂಗಳಿಗೊಮ್ಮೆಯಾದರೂ ಶನಿವಾರ ಮಧ್ಯಾಹ್ನ ಊರಿಗೆ ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದರು. ಅಲ್ಲಿ ಹೋಗಿ ಏನು ಮಾಡಿದಿರೆಂದು ಅಮ್ಮ ಕೇಳಿದರೆ, "ಒಲೆ ಹಚ್ಚಿ ಅನ್ನ ಮಾಡಿಕೊಂಡೆ, ಉಂಡೆ, ಮಲಗಿದೆ" ಎನ್ನುತ್ತಿದ್ದರು. ಒಂದು ಅನ್ನಕ್ಕಾಗಿ ಇಷ್ಟು ದೂರದ ಪ್ರಯಾಣವೇ ಎಂದು ನಾವು ಮಕ್ಕಳು ನಗುತ್ತಿದ್ದೆವು. 2019ರಲ್ಲಿ ಅವರು ತೀರಿಕೊಂಡರು. ಕೀಲಿಕೈ ನನ್ನ ಪಾಲಿಗೆ ಬಂತು.

ಬೆಂಗಳೂರಿನಲ್ಲಿ ವಾಸವಾಗಿರುವ ನಾನು ಅದನ್ನು ಬೆಂಗಳೂರಿನ ರೀತಿಯಲ್ಲೇ ಕಾಯಲು ಹೊರಟೆ. ಹಳೆಯ ಕಬ್ಬಿಣದ ಬೀಗ ತೆಗೆದು ದುಬಾರಿಯ ಹೊಸ ಬೀಗ ಹಾಕಿದೆ. ತಂದೆಯ ಪುಸ್ತಕ, ಪಂಚಾಂಗ, ದಿನಚರಿಗಳಿದ್ದ ಕೋಣೆಗೆ ಪ್ರತ್ಯೇಕವಾಗಿ ಇನ್ನೊಂದು ಬೀಗ. ಇಲಿ ತೋಡಿದ ಗೋಡೆಯ ಬುಡಕ್ಕೆ ಸಿಮೆಂಟು ಮೆತ್ತಿಸಿದೆ. ವರ್ಷ ವರ್ಷ ಮಣ್ಣು ಎಳೆಸುವ ತಾಪತ್ರಯವೇ ಬೇಡವೆಂದು ಮಾಳಿಗೆಯ ಮೇಲೆ ನೀಲಿಯ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಹೇರಿಸಿದೆ. ಹೊರಡುವಾಗ ನನ್ನ ದಕ್ಷತೆಯನ್ನು ನಾನೇ ಮೆಚ್ಚಿಕೊಂಡೆ. ಎದುರುಮನೆಯ ಅಜ್ಜಿ ಜಗಲಿಯಿಂದಲೇ ನೋಡಿ, "ಎಲ್ಲಾ ಮುಚ್ಚಿಬಿಟ್ಟೆಯಾ ಮೇಷ್ಟ್ರ ಮಗನೇ, ಅದು ಉಸಿರಾಡಬ್ಯಾಡವಾ?" ಎಂದರು. ಮುದುಕರ ಮಾತೆಂದು ನಕ್ಕು ಬಸ್ಸು ಹತ್ತಿದೆ.

2020ರ ಬೇಸಿಗೆಯಲ್ಲಿ ದೇಶಕ್ಕೇ ಬೀಗ ಬಿದ್ದಿತು. 2021ರ ಬೇಸಿಗೆಯೂ ಹಾಗೆಯೇ ಕಳೆಯಿತು. ಎರಡು ವರ್ಷ ಆ ಬಾಗಿಲು ತೆರೆಯಲಿಲ್ಲ. 2022ರಲ್ಲಿ ತೆರೆದಾಗ ಬಾವಲಿಯ ವಾಸನೆ ಮುಖಕ್ಕೆ ರಾಚಿತು. ಗುಡಿಸಿ ತೊಳೆದು ಹದಿನೈದು ದಿನ ಇದ್ದು ಹಿಂದಿರುಗಿದೆವು. ಆ ವರ್ಷದ ಮಳೆಯನ್ನು ಈ ಜಿಲ್ಲೆಯವರು ಮರೆಯಲಾರರು. ಸೆಪ್ಟೆಂಬರ್ ಮೊದಲಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ತುಂಬಿ ಕೋಡಿ ಹರಿಯಿತು. 1907ರಲ್ಲಿ ಕಟ್ಟಿ ಮುಗಿದ ಆ ಕಟ್ಟೆ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ; ನಡುವೆ 89 ವರ್ಷ! ಹಿರಿಯೂರಿನ ಕಡೆಯ ಜನ ಬಾಗಿನ ಹಿಡಿದು ಹೊರಟಿದ್ದ ಸುದ್ದಿಯನ್ನು ನಾನು ಬೆಂಗಳೂರಿನಲ್ಲಿ ಓದಿ ಸಂತೋಷಪಡುತ್ತಿದ್ದ ವಾರದಲ್ಲೇ ಅಜ್ಜಿಯ ಮೊಮ್ಮಗ ಫೋನು ಮಾಡಿದ. "ಅಣ್ಣಾ, ನಿಮ್ಮ ಅಡುಗೆಮನೆ ಮೂಲೆ ಕೂತೈತೆ."

ಹೋಗಿ ನೋಡಿದೆ. ನನ್ನ ಒಂದೊಂದು ಜಾಣತನವೂ ತನ್ನ ಪಾಲಿನ ಕೆಲಸ ಮಾಡಿತ್ತು. ಬಿಸಿಲಿಗೆ ಟಾರ್ಪಾಲು ಸೀಳಿ, ಸೀಳಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೇ ನಿಂತು, ಬಂದರಿಕೆಯ ಹಾಸು ಗೊಬ್ಬರವಾಗಿತ್ತು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿದರೂ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಾಯಿ ಮುಚ್ಚಿದ್ದರಿಂದ ತೇವ ಮೇಲೆ ಮೇಲೆ ಏರಿ ಗಿಲಾವಿನ ಹಿಂದಿನ ಮಣ್ಣು ಹಿಟ್ಟಾಗಿತ್ತು. ಕರಿನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ದಾರಿಯಲ್ಲಿ ಕಂಡ ಆ ಬಿರುಕು ಮನೆಯ ಕೆಳಗೂ ಇರುವಂಥದೇ. ಮಣ್ಣಿನ ಗೋಡೆ ಅದರೊಡನೆ ತುಸು ಬಳುಕಿ ಹೊಂದಿಕೊಳ್ಳುತ್ತಿತ್ತು, ಸಿಮೆಂಟಿನ ಪಟ್ಟಿ ಸಿಡಿದು ನಿಂತಿತ್ತು. ಇವೆಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಅಡುಗೆಮನೆಯ ತೊಲೆ. ಹೊರಗೆ ಕಪ್ಪಗೆ ಮಿರುಗುವ ತೊಲೆ ಒಳಗೆ ಪೂರ್ತಿ ಪೊಳ್ಳು, ಗೆದ್ದಲಿನ ಮಣ್ಣು.

ತೊಲೆ ಬದಲಿಸಲು ಬಂದ ಬಡಗಿ ಅದನ್ನು ಉಳಿಯ ಹಿಡಿಯಿಂದ ತಟ್ಟಿ, "ಇದು ನೂರು ವರ್ಷ ಹೊಗೆ ಕುಡಿದ ಮರ ಸ್ವಾಮಿ, ನೀವು ಉಪವಾಸ ಕೆಡವಿಬಿಟ್ಟಿರಿ" ಎಂದ. ಸೌದೆಯ ಹೊಗೆ ತೊಲೆಯನ್ನು ಒಣಗಿಸುತ್ತದೆ, ಅದರ ಮಸಿ ಹುಳುವಿಗೆ ಸಹಿಸದು. ಅಷ್ಟೇ ಅಲ್ಲ, ಗೆದ್ದಲು ನೆಲದಿಂದ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಏರಬೇಕು. ಜನವಿರುವ ಮನೆಯಲ್ಲಿ ಯಾರದೋ ಪೊರಕೆ ದಿನವೂ ಅದನ್ನು ಕೆಡವುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದಕ್ಕೆ ತಿಂಗಳುಗಟ್ಟಲೆ ಬಿಡುವು. ಬಡಗಿಯ ಮಾತು ಕೇಳಿದಾಗ ನನಗೆ ತಂದೆಯವರ ಒಂಟಿ ಅನ್ನ ನೆನಪಾಯಿತು. ಅವರು ಊರಿಗೆ ಬರುತ್ತಿದ್ದದ್ದು ಅನ್ನಕ್ಕಲ್ಲ, ಒಲೆಗೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಬಹುಶಃ ಆಗಲೂ ನಗುತ್ತಿದ್ದೆವು.

ಪುಣೆಯಲ್ಲಿರುವ ನನ್ನ ಅಣ್ಣ ಖರ್ಚಿನ ಲೆಕ್ಕ ಕೇಳಿ, "ಖಾಲಿ ಮನೆಗೆ ಇಷ್ಟು ಸುರಿಯುವುದು ಮೂರ್ಖತನ, ಮಾರಿಬಿಡೋಣ" ಎಂದ. ಕೊಳ್ಳುವವರೂ ಬಂದರು. ನೆಲವನ್ನಲ್ಲ, ಕಂಬಗಳನ್ನು. ಬೆಂಗಳೂರಿನ ಹೊಸ ಬಂಗಲೆಗಳಿಗೆ ಹಳೆಯ ಮನೆಗಳ ಕಂಬ, ಬಾಗಿಲುವಾಡಗಳನ್ನು ಒದಗಿಸುವ ವರ್ತಕನೊಬ್ಬ ಬಂದು, ಆರು ಕಂಬಕ್ಕೂ ತಲೆಬಾಗಿಲಿಗೂ ಬೆಲೆ ಹೇಳಿದ. ನನ್ನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು! ತಲೆಬಾಗಿಲನ್ನು ಅವನು ಸವರಿ ನೋಡುತ್ತಿದ್ದಾಗ ಹೊಸಿಲಿನ ಮೇಲಿದ್ದ ಹಳೆಯ ಅರಿಸಿನ ಅವನ ಬೆರಳಿಗೆ ಅಂಟಿತು. ಅವನು ಕರವಸ್ತ್ರ ತೆಗೆದು ಒರೆಸಿಕೊಂಡ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನಾನು ಬೆಲೆ ಮುಗಿಸಲಿಲ್ಲ. ಯೋಚಿಸಿ ಹೇಳುತ್ತೇನೆಂದೆ.

ಅಣ್ಣನ ಮಾತನ್ನೂ ತೆಗೆದುಹಾಕುವಂತಿರಲಿಲ್ಲ. 2011ರ ಜನಗಣತಿಯಲ್ಲಿ ಎಣಿಸಿದ ಸುಮಾರು 33 ಕೋಟಿ ಕಟ್ಟಡಗಳಲ್ಲಿ ಹತ್ತಿರಹತ್ತಿರ ಎರಡೂವರೆ ಕೋಟಿ ಖಾಲಿಯಿದ್ದವು. ಜಪಾನಿನಲ್ಲಿ 2023ರ ಎಣಿಕೆಯಂತೆ 90 ಲಕ್ಷ ಮನೆಗಳು ಬರಿದಾಗಿದ್ದು, ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟರೂ ಒಯ್ಯುವವರಿಲ್ಲದ ಮನೆಗಳೂ ಉಂಟಂತೆ. ಅಷ್ಟು ದೂರವೇಕೆ? 2000ದಲ್ಲಿ ನಿಧನರಾದ ನಿಜಲಿಂಗಪ್ಪನವರು ದುರ್ಗದಲ್ಲಿ ಬಾಳಿದ ಮನೆ 2024ರಲ್ಲಿ ಮಾರಾಟಕ್ಕಿದೆಯೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದನ್ನು ಸರ್ಕಾರವೇ ಕೊಂಡು ಸ್ಮಾರಕ ಮಾಡುವ ಮಾತು ಅದಕ್ಕೂ ಹಿಂದಿನಿಂದ ನಡೆದಿತ್ತು. ಮುಖ್ಯಮಂತ್ರಿಯಾಗಿದ್ದವರ ಮನೆಗೇ ಗತಿ ಕಾಣಿಸುವುದು ಇಷ್ಟು ಕಷ್ಟವಾದರೆ ಉಪಾಧ್ಯಾಯರ ಮನೆಯ ಪಾಡೇನು? ಆದರೆ ಗಣತಿಯವರು ಒಂದು ವಿವೇಕದ ಕೆಲಸ ಮಾಡುತ್ತಾರೆ. ಖಾಲಿ ಮನೆಯನ್ನೂ ವಾಸವಿದ್ದು ಬೀಗ ಹಾಕಿದ ಮನೆಯನ್ನೂ ಬೇರೆಬೇರೆಯಾಗಿ ಬರೆದುಕೊಳ್ಳುತ್ತಾರೆ. ನಮ್ಮದು ಯಾವ ಪಟ್ಟಿಗೆ ಸೇರಿದ್ದೆಂಬುದೇ ನನ್ನ ಮುಂದಿದ್ದ ಪ್ರಶ್ನೆ. ಅಮ್ಮ ಏನೂ ಹೇಳಲಿಲ್ಲ. ದಾವಣಗೆರೆಗೆ ಒಯ್ಯಲೆಂದು ಚೀಲಕ್ಕೆ ಹಾಕಿಕೊಂಡಿದ್ದ ಹಿತ್ತಾಳೆಯ ದೀಪವನ್ನು ಹೊರತೆಗೆದು ಗೋಡೆಯ ಗೂಡಿನಲ್ಲೇ ಮತ್ತೆ ಇಟ್ಟರು.

2023ರ ಮೇ ತಿಂಗಳಲ್ಲಿ ಸಿಮೆಂಟು ಕೀಳಿಸಿ, ತೊಲೆ ಬದಲಿಸಿ, ಐದು ಗಾಡಿ ಚೌಳುಮಣ್ಣು ಎಳೆಸಿದೆ. ಗಾಡಿಯೆಂದರೆ ಈಗ ಟ್ರ್ಯಾಕ್ಟರಿನ ಗಾಡಿ. ಊರಿನಲ್ಲಿ ಆ ಹದ ಬಲ್ಲವರು ಇಬ್ಬರು ಮುದುಕರು ಮಾತ್ರ ಉಳಿದಿದ್ದರು. ಉಳಿದವರ ಮನೆಗಳೆಲ್ಲ ಆರ್‌ಸಿಸಿ. ಆ ವರ್ಷ ಮಳೆಯೇ ಬಾರದೆ ಬರಗಾಲವೆಂದು ಸಾರಿದರು. ಮಾಳಿಗೆಯ ಅದೃಷ್ಟ ಊರಿನ ದುರದೃಷ್ಟವಾಯಿತು. ಹೊರಡುವಾಗ ಹೆಬ್ಬಾಗಿಲಿನ ಕೀಲಿಕೈಯನ್ನು ಅಜ್ಜಿಗೆ ಕೊಟ್ಟು, ತಿಂಗಳಿಗೊಮ್ಮೆ ಬಾಗಿಲು ತೆರೆಯಿರೆಂದು ಬೇಡಿಕೊಂಡೆ. ತಂದೆಯ ಕೋಣೆಯ ಕೀಲಿಕೈ ಮಾತ್ರ ನನ್ನ ಬಳಿಯೇ ಉಳಿಯಿತು.

2024ರ ದೀಪಾವಳಿಗೆ ತಿಳಿಸದೆಯೇ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ನಡುಮನೆಯ ತುಂಬ ಈರುಳ್ಳಿ! ಗೋಡೆಯಿಂದ ಗೋಡೆಗೆ ಕೆಂಪಗೆ ಹರಡಿದ ಈರುಳ್ಳಿ. ಪಡಸಾಲೆಯಲ್ಲಿ ಹೊರೆ ಹೊರೆ ಹತ್ತಿಕಟ್ಟಿಗೆ. ದೇವರ ಗೂಡಿನ ಕೆಳಗೆ ಯಾರದೋ ಮಗುವಿನ ತೊಟ್ಟಿಲು. ನನಗೆ ರೇಗಿತು. ಮನೆ ನೋಡಿಕೊಳ್ಳಿರೆಂದರೆ ಉಗ್ರಾಣ ಮಾಡಿಕೊಂಡಿದ್ದಾರಲ್ಲ ಎಂದು, ಅಜ್ಜಿಯೆಂಬುದನ್ನೂ ನೋಡದೆ, ಬೀದಿಯಲ್ಲೇ ನಾಲ್ಕು ಮಾತು ಆಡಿಬಿಟ್ಟೆ.

ಅಜ್ಜಿ ಸಿಟ್ಟಾಗಲಿಲ್ಲ. "ಹೇಳದೆ ಇಟ್ಟಿದ್ದು ತಪ್ಪೇ ಕಣಪ್ಪಾ. ನಮ್ಮನೆ ಕೆಡವಿ ಮೋಲ್ಡು ಹಾಕಿಸ್ತಾ ಅದೀವಿ, ಬೆಳೆ ಇಡಾಕೆ ಜಾಗ ಇರಲಿಲ್ಲ. ನಾಡಿದ್ದು ಎತ್ತಿಸ್ತೀನಿ" ಎಂದರು. ಸ್ವಲ್ಪ ತಡೆದು, "ಈರುಳ್ಳಿಗೆ ಗಾಳಿ ಬೇಕಲ್ಲ, ಅದಕ್ಕೇ ದಿನಾ ಬಾಗ್ಲು ತೆಗೀತಿದ್ದೆ. ಥಂಡಿ ಆದಾಗ ಒಲೇಗೆ ಎರಡು ಹತ್ತಿಕಟ್ಟಿಗೆ ಹಾಕ್ತಿದ್ದೆ" ಎಂದು ಸೇರಿಸಿದರು.

ಒಳಗೆ ಬಂದು ಮತ್ತೊಮ್ಮೆ ನೋಡಿದೆ. ನೆಲ ಸಾರಿಸಿತ್ತು. ಗೋಡೆಯ ಮೇಲೆ ಗೆದ್ದಲಿನ ಒಂದು ಗೆರೆಯಿಲ್ಲ. ಹೊಸ ತೊಲೆಗೆ ಆಗಲೇ ತೆಳುವಾಗಿ ಮಸಿ ಹಿಡಿದಿತ್ತು. ಬಾವಲಿ ಓಡಿಹೋಗಿತ್ತು. ಈರುಳ್ಳಿಯ ಘಾಟನ್ನು ಬಿಟ್ಟರೆ, ತಾತ ಬದುಕಿದ್ದಾಗ ಮನೆ ಹೇಗಿತ್ತೋ ಹಾಗಿತ್ತು.

ಆಮೇಲೆ ತಂದೆಯ ಕೋಣೆಯ ಬೀಗ ತೆಗೆದೆ. ಬಾಗಿಲಿನ ಹಿಂದಿನಿಂದ ಹೊರಟ ಮಣ್ಣಿನ ಗೆರೆ ನೇರವಾಗಿ ಪುಸ್ತಕದ ಬೀರುವಿನೊಳಗೆ ಹೋಗಿತ್ತು. ಪಂಚಾಂಗಗಳು ಹೋಗಿದ್ದವು, ಅವು ಹೋಗಲಿ. ನಲವತ್ತು ವರ್ಷದ ದಿನಚರಿಗಳು, ಯಾವ ದಿನ ಯಾವ ತರಗತಿಗೆ ಯಾವ ಪದ್ಯ ಹೇಳಿದೆನೆಂದು ಅವರು ತಪ್ಪದೆ ಬರೆದಿಟ್ಟ ಆ ಉದ್ದನೆಯ ಪುಸ್ತಕಗಳು, ಹೊರಗೆ ರಟ್ಟು ಮಾತ್ರ ಉಳಿಸಿಕೊಂಡು ಒಳಗೆ ಮಣ್ಣಾಗಿದ್ದವು. ಕೈಗೆತ್ತಿಕೊಂಡರೆ ಹಗುರವಾಗಿ ಪುಡಿಯಾದವು. ಅಜ್ಜಿ ಹೊಸಿಲಿನಲ್ಲೇ ನಿಂತಿದ್ದರು. "ಇದರ ಕೀಲಿ ನೀನು ಕೊಟ್ಟಿರಲಿಲ್ಲಪ್ಪ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ರಾತ್ರಿ ಅಣ್ಣನೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತಾಯಿತು. ಮೂರು ವರ್ಷ ಮಾರಾಟದ ಮಾತು ಎತ್ತಬಾರದು, ಅಲ್ಲಿಯವರೆಗೆ ಅಜ್ಜಿಯ ಮೊಮ್ಮಗನ ಸಂಸಾರ ಆ ಮನೆಯಲ್ಲಿರಲಿ, ಬಾಡಿಗೆಯ ಬದಲು ಅವರು ವರ್ಷಕ್ಕೊಮ್ಮೆ ಮಣ್ಣು ಎಳೆಸಲಿ, ಬೇಸಿಗೆಯಲ್ಲಿ ನಮಗೆ ಎರಡು ಅಂಕಣ ಬಿಟ್ಟುಕೊಡಲಿ ಎಂದು ಗೊತ್ತಾಯಿತು. "ಕೂತವರು ಏಳದಿದ್ದರೆ?" ಎಂದು ಅಣ್ಣ ಕೇಳಿದ. ನ್ಯಾಯವಾದ ಅಂಜಿಕೆಯೇ. ಒಂದು ಕರಾರುಪತ್ರ ಬರೆಸಿದೆವು. ಗ್ರಾಮ ಪಂಚಾಯಿತಿಯ ಕಂದಾಯವನ್ನು ನಮ್ಮ ಹೆಸರಿನಲ್ಲೇ ಕಟ್ಟಿ ರಸೀತಿ ಇಟ್ಟುಕೊಳ್ಳುತ್ತಿದ್ದೇನೆ. 2013ರಿಂದ ಬಂದಿರುವ ಇ-ಸ್ವತ್ತಿನ ನಮೂನೆಯಲ್ಲಿ ತಂದೆಯ ಹೆಸರಿನ ಬದಲು ನಮ್ಮಿಬ್ಬರ ಹೆಸರು ಏರಿಸುವ ಅರ್ಜಿಯನ್ನೂ ಕೊಟ್ಟಾಯಿತು. ಊರ ಮನೆಯುಳ್ಳ ಓದುಗರು, ತೊಲೆ ಗಟ್ಟಿಯಿದ್ದಾಗಲೇ, ಈ ಕಾಗದಗಳನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು.

2025ರ ಬೇಸಿಗೆಯಲ್ಲಿ ನಾವು ಅತಿಥಿಗಳಂತೆ ಹೋಗಿ ಬಂದೆವು. ನನ್ನ ಮಕ್ಕಳೂ ತೊಟ್ಟಿಲ ಮಗುವಿನ ಅಕ್ಕನೂ ಮಾಳಿಗೆಯ ಮೇಲೆ ಕುಣಿದದ್ದೇ ಕುಣಿದದ್ದು. ಕೆಳಗೆ ಕುಳಿತ ನನ್ನ ಹೆಂಡತಿಯ ತಟ್ಟೆಗೆ ಮಣ್ಣು ಉದುರಿದಾಗ, "ತುಳೀಲಿ ಬಿಡವ್ವಾ, ಮಾಳಿಗೆಗೆ ಒಳ್ಳೇದು" ಎಂದು ಅಜ್ಜಿ ಸಮಾಧಾನ ಹೇಳಿದರು. ರೋಹಿಣಿಯ ಮೋಡ ಕಟ್ಟಿದ ದಿನ ಹೊರಟೆವು. ರೂಢಿಯ ಬಲದಿಂದ ನಾನು ಒಲೆಗೆ ನೀರು ಚಿಮುಕಿಸಲು ಹೋದೆ. ಅಜ್ಜಿ ಚೊಂಬು ಕಸಿದುಕೊಂಡು ನನ್ನನ್ನು ಆಚೆ ಕಳಿಸಿದರು.

ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಗೊಂಚಲನ್ನು ಅವರ ಕೈಗೆ ಕೊಟ್ಟೆ. ಈ ಸಲ ತಂದೆಯ ಕೋಣೆಯ ಕೀಲಿಕೈಯೂ ಅದರಲ್ಲಿತ್ತು.